ಅಪ್ಪ ಮೀನಿನ ಬಾಣಂತನ

ಪುಟ್ಟೇನಹಳ್ಳಿ, ಯಲಹಂಕ
9 ನವೆಂಬರ್, ಭಾನುವಾರ ಬೆಳಿಗ್ಗೆ

ಪ್ರೀತಿಯ ರಾಧಾಗೆ,

ಹೆಂಗಿದ್ದೀಯ? ಹೊಲಿಗೆ ಹಾಕಿದ ಕಡೆ ಇನ್ನೂ ಎಳೆಯುತ್ತಾ? ನಿದ್ದೆ ಮಾಡೋಕೆ ಬಿಡ್ತಾಳಾ ಅವಳು? ತೂಕ ಎಷ್ಟಾಯ್ತು? ಹುಟ್ಟಿದಾಗ ಒಂದೂ ಮುಕ್ಕಾಲು ಕೆಜಿ ಅಂದಿದ್ರು, ಆಮೇಲೆ ನಂಗೆ ಯಾರೂ ಹೇಳಿಲ್ಲ. ನಾನೂ ಕೇಳಿಲ್ಲ, ಅದು ಬೇರೆ. ಫೋನ್ ಮಾಡಿದ್ರೆ ನಿಮ್ಮಜ್ಜಿ ನಾರಾಯಣಮ್ಮ ಎತ್ಕೊಂಡು "ಬಾಣಂತಿ ಪೋನ್ ನೋಡಿದ್ರೆ ಕಣ್ಣು ಓಯ್ತವೆ, ಮೂರು ತಿಂಗಳು ತಡ್ಕೊಳಪ್ಪ" ಅಂತ ಇಟ್ಟುಬಿಡ್ತಾರೆ. ಅದಕ್ಕೇ ಈ ಕಾಗದ. ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟ ಮೇಲೆ ಇಷ್ಟುದ್ದ ಬರೀತಿರೋದು ಇದೇ ಮೊದಲು. ನಿನ್ನ ತಂಗಿ ನಾಗಲಕ್ಷ್ಮಿ ಓದಿ ಹೇಳಲಿ. ನಾಗೂ, ಅಕ್ಷರ ನೋಡಿ ನಗಬೇಡ. ಗಟ್ಟಿಯಾಗಿ ಓದು, ನಿಮ್ಮಪ್ಪನಿಗೂ ಕೇಳಲಿ.

ಆಸ್ಪತ್ರೆಯಲ್ಲಿ ಆಗಿದ್ದನ್ನ ಮೊದಲು ಹೇಳಿ ಮುಗಿಸ್ತೀನಿ. ನರ್ಸ್ ಮಗು ನೀಡಿದ್ರು, ನಾನು ಎರಡು ಹೆಜ್ಜೆ ಹಿಂದೆ ಹೋದೆ. ಅಷ್ಟಕ್ಕೇ ನಿಮ್ಮಪ್ಪ ಎಲ್ಲರ ಮುಂದೆ "ಟೈಲ್ಸ್ ಎತ್ತೋ ಕೈಗೆ ಕೂಸು ಎತ್ತೋಕೆ ಬತ್ತದಾ? ಆಚೆ ಓಗಪ್ಪ, ಎಂಗಸ್ರು ನೋಡ್ಕೊತಾರೆ" ಅಂದ್ರು. ನಾನೂ ಬಾಯಿಗೆ ಬಂದಿದ್ದು ಅಂದೆ, ಕುರ್ಚಿ ಒದ್ದೆ, ಎದ್ದು ಬಂದೆ. ಇವತ್ತಿಗೆ ನಲವತ್ತೆರಡು ದಿನ. ನಿನ್ನ ತವರು ಬಾಗಲೂರು ಇಲ್ಲಿಂದ ಎಷ್ಟು ದೂರ, ಅರ್ಧ ಗಂಟೆ. ನನ್ನ ಮಗಳನ್ನ ನಾನು ಇನ್ನೂ ಮುಟ್ಟಿಲ್ಲ. ಸಿಟ್ಟು ಇಳಿದಿದೆ ಅಂತ ಸುಳ್ಳು ಹೇಳಲ್ಲ. ಆದ್ರೆ ನಿನ್ನ ಮೀನಿನ ವಿಷಯ ಯಾರಿಗಾದ್ರೂ ಹೇಳಲೇಬೇಕು, ನಿನ್ನ ಬಿಟ್ಟು ಯಾರಿಗೆ ಹೇಳಲಿ.

ನೀನು ಬಾಟ್ಲಿಯಲ್ಲಿ ಬಿಟ್ಟು ಹೋದೆಯಲ್ಲ ನೀಲಿ ಫೈಟರ್ ಮೀನು, ನಾನು ಆಸ್ಪತ್ರೆಯಿಂದ ಬಂದು ನೋಡಿದ್ರೆ ಅದರ ನೀರಿನ ಮೇಲೆಲ್ಲ ನೊರೆ. ನೀರು ಕೆಟ್ಟಿದೆ ಅಂದ್ಕೊಂಡು ಮೀನಂಗಡಿ ಮುಬೀನ್‌ಗೆ ಫೋಟೋ ತೋರಿಸಿದೆ. "ಮಾಮು, ನೊರೆ ಅಲ್ಲ ಅದು, ಗೂಡು. ಮದುವೆಗೆ ರೆಡಿ ಆಗವ್ನೆ. ಹುಡುಗಿ ಕೊಡ್ಲಾ?" ಅಂದ. ಮನೆಯಲ್ಲಿ ಒಬ್ಬನೇ ಗೋಡೆ ನೋಡ್ಕೊಂಡು ಕೂತಿದ್ದೆ, ಕೊಡು ಅಂದೆ. ದೊಡ್ಡ ಟಬ್ಬಲ್ಲಿ ಎರಡನ್ನೂ ಬಿಟ್ರೆ ಒಂದು ದಿನ ಬರೀ ಜಗಳ, ಅವಳ ರೆಕ್ಕೆ ಹರೀತು, ಇವನ ಬಾಲ ಹರೀತು. ನಿನ್ನ ನನ್ನ ನೆನಪಾಯ್ತು, ಬಿಡು. ಮಾರನೇ ದಿನ ಇವನು ಅವಳ ಸುತ್ತ ಬಳೆ ಥರ ಬಾಗಿಕೊಂಡ. ಇಬ್ಬರೂ ಸತ್ತೇ ಹೋದ ಹಾಗೆ ಅಲ್ಲಾಡದೆ ನಿಂತ್ರು. ಆಮೇಲೆ ಅವಳಿಂದ ರವೆ ಕಾಳಿನಷ್ಟು ಬೆಳ್ಳಗೆ ಮೊಟ್ಟೆ ಉದುರಿದ್ವು, ಇವನು ಕೆಳಗೆ ನುಗ್ಗಿ ಒಂದೊಂದನ್ನೂ ಬಾಯಲ್ಲಿ ಹಿಡಿದು ಮೇಲೆ ತಂದು ನೊರೆಗೆ ಅಂಟಿಸಿದ. ಸಾಯಂಕಾಲದವರೆಗೂ ಅದೇ ಕೆಲಸ.

ಇಲ್ಲಿ ನಾನೊಂದು ತಪ್ಪು ಮಾಡಿದೆ ಕಣೇ. ಮರಿ ಆಗೋದು ತಾಯಿ ಹತ್ರ ತಾನೇ, ಗಂಡಿಗೇನು ಕೆಲಸ ಅಂತ ಅವನನ್ನ ಲೋಟದಲ್ಲಿ ಎತ್ತಿ ಈಚೆ ಹಾಕಿದೆ. ಹಂಗೆ ಮಾಡು ಅಂತ ಯಾರೂ ಹೇಳಿರಲಿಲ್ಲ, ನಮ್ಮಲ್ಲಿ ನಡೆಯೋದು ಹಂಗೇ ಅಲ್ವಾ. ಹತ್ತು ನಿಮಿಷ ಆಗಿಲ್ಲ, ಅವಳು ಗೂಡಿಗೆ ಬಾಯಿ ಹಾಕಿ ಮೊಟ್ಟೆ ನುಂಗೋಕೆ ಶುರು ಮಾಡಿದಳು. ಮುಬೀನ್‌ಗೆ ಫೋನ್ ಮಾಡಿದ್ರೆ ಬೈದ. "ತಲೆ ಐತಾ ನಿಂಗೆ? ಅವಳನ್ನ ಮೊದ್ಲು ಈಚೆ ತೆಗಿ, ಅಪ್ಪನ್ನ ವಾಪಸ್ ಬಿಡು. ಇವ್ರಲ್ಲಿ ಬಾಣಂತನ ಮಾಡೋದು ಅಪ್ಪಾನೇ." ಅವಳನ್ನ ಈಚೆ ತೆಗೆದೆ, ಅವನನ್ನ ವಾಪಸ್ ಬಿಟ್ಟೆ. ಅವನು ನನ್ನ ಮೇಲೆ ಕೋಪ ಮಾಡ್ಕೊಳ್ಳಲಿಲ್ಲ, ಸೀದಾ ಗೂಡಿನ ಕೆಳಗೆ ಹೋಗಿ ಒಡೆದಿದ್ದ ಕಡೆ ಗುಳ್ಳೆ ಊದೋಕೆ ನಿಂತ.

ಎರಡನೇ ದಿನ ಮೊಟ್ಟೆ ಒಡೀತು. ಮರಿ ಅಂದ್ರೆ ಏನು ಅಂತೀಯ, ರೆಪ್ಪೆ ಕೂದಲು ಕತ್ತರಿಸಿ ಹಾಕಿದಷ್ಟು, ಅದಕ್ಕೆರಡು ಕಪ್ಪು ಚುಕ್ಕಿ ಕಣ್ಣು. ಗೂಡಿನಿಂದ ಬಾಲ ಕೆಳಗೆ ಮಾಡ್ಕೊಂಡು ನೇತಾಡ್ತಾವೆ. ಹಿಡಿತ ತಪ್ಪಿ ಬಿದ್ರೆ ಅವನು ಹೋಗಿ ಬಾಯಲ್ಲಿ ತಗೊಂಡು ಬಂದು ಮತ್ತೆ ನೊರೆಗೆ ಉಗೀತಾನೆ. ಅದೇ ಬಾಯಲ್ಲಿ ಮೂರು ದಿನದ ಹಿಂದೆ ಹೆಂಡತಿ ರೆಕ್ಕೆ ಹರಿದಿದ್ದ. ಒಂದ್ಸಲ ಏರ್‌ಫೋರ್ಸ್ ವಿಮಾನ ತಲೆ ಮೇಲೇ ಹೋಯ್ತು, ಕಿಟಕಿ ನಡುಗ್ತು, ಟಬ್ಬಲ್ಲಿ ನೀರು ನಡುಗ್ತು, ಹತ್ತಿಪ್ಪತ್ತು ಮರಿ ಒಟ್ಟಿಗೆ ಉದುರಿದ್ವು. ಹೆದರಿದ ಅಪ್ಪ ಮರಿಗಳನ್ನ ತಿಂದುಬಿಡ್ತಾನೆ ಅಂತ ಮುಬೀನ್ ಹೇಳಿದ್ದ. ಟಬ್ಬಿನ ಮೇಲೆ ಬಗ್ಗಿ ನಮ್ಮವನನ್ನೇ ನೋಡಿದೆ. ಅವನು ಒಂದೊಂದೇ ಹೆಕ್ಕಿದ. ಒಂದನ್ನೂ ಬಿಡಲಿಲ್ಲ, ಒಂದನ್ನೂ ನುಂಗಲಿಲ್ಲ. ಅಷ್ಟು ದಿನ ಅವನು ಊಟ ಮುಟ್ಟಿರಲಿಲ್ಲ ರಾಧಾ. ಅವತ್ತು ನಾನು ಕೆಲಸಕ್ಕೆ ಹೋಗಲಿಲ್ಲ, ಮೇಸ್ತ್ರಿ ಹತ್ತು ಸಲ ಫೋನ್ ಮಾಡಿದ, ಎತ್ತಲಿಲ್ಲ.

ಮರಿ ಅಡ್ಡಡ್ಡ ಈಜೋಕೆ ಕಲಿತ ಮೇಲೆ ಅಪ್ಪನನ್ನ ಬೇರೆ ಮಾಡಿದೆ, ಇನ್ನು ಅವನ ಕೆಲಸ ನಂದು. ಬಾಳೆಹಣ್ಣಿನ ಸಿಪ್ಪೆ ನೆನೆಹಾಕಿದ ನೀರು ನಾಲ್ಕೈದು ದಿನಕ್ಕೆ ಮಬ್ಬಾಗುತ್ತೆ, ಅದೇ ಮೊದಲ ಊಟ. ಆ ನೀರು ತುಂಬಿದ ಗಾಜಿನ ಲೋಟಕ್ಕೆ ಟಾರ್ಚ್ ಹಿಡಿದ್ರೆ ಧೂಳು ತಾನಾಗೇ ಓಡಾಡುತ್ತೆ. ಧೂಳಲ್ಲ, ಜೀವ. ಸ್ಕೂಲಲ್ಲಿ ಇದನ್ನ ತೋರಿಸೋ ಯಂತ್ರ ಇತ್ತು, ಬೀರುವಿನೊಳಗೆ ಬೀಗ ಹಾಕಿ ಇಟ್ಟಿದ್ರು, ಒಡೆದುಹಾಕ್ತೀರಾ ಅಂತ. ಒಂದು ದಿನ ತೋರಿಸಿದ್ರೆ ನಾನು ಇನ್ನೊಂದು ವರ್ಷ ಹೋಗ್ತಿದ್ದೆನೋ ಏನೋ. ಆಮೇಲೆ ಮುಬೀನ್ ಕೊಟ್ಟ, ಪುಡಿ ಥರ ಇರೋ ಒಣಗಿದ ಸಿಗಡಿ ಮೊಟ್ಟೆಯನ್ನ ಉಪ್ಪು ನೀರಿಗೆ ಹಾಕಿದೆ, ಮಾರನೇ ದಿನ ಕಿತ್ತಳೆ ಬಣ್ಣದ ಸಿಗಡಿ ಮರಿ ಎದ್ದು ಬಂದ್ವು. ಅದನ್ನ ತಿಂದ ಮೀನಿನ ಮರಿ ಹೊಟ್ಟೆ ಹೊರಗಿಂದಲೇ ಕಿತ್ತಳೆ ಕಾಣುತ್ತೆ. ಹೊಟ್ಟೆ ತುಂಬಿದ್ದು ಕಣ್ಣಿಗೇ ಕಾಣೋದು ಅಂದ್ರೆ ಹೆಂಗಿರುತ್ತೆ ಗೊತ್ತಾ.

ಎಲ್ಲಾ ಚೆನ್ನಾಗೇ ಆಯ್ತು ಅಂದ್ಕೋಬೇಡ. ಬೇಗ ಬೆಳೀಲಿ ಅಂತ ಬೇಯಿಸಿದ ಮೊಟ್ಟೆ ಹಳದಿ ಹಾಕಿದೆ, ಜಾಸ್ತಿ ಹಾಕಿದೆ. ನೀರು ನಾರಿತು, ಅರ್ಧಕ್ಕರ್ಧ ಸತ್ತುಹೋದ್ವು. ಕೂಗಾಡೋಣ ಅಂದ್ರೆ ಯಾರ ಮೇಲೆ? ಮೆಡಿಕಲ್ ಸ್ಟೋರಿಂದ ಡ್ರಿಪ್ ಹಾಕೋ ಪೈಪ್ ತಂದು ಹನಿ ಹನಿಯಾಗಿ ನೀರು ಬದಲಾಯಿಸಿದೆ, ಮೂರು ಗಂಟೆ ಮಂಡಿ ಊರಿ. ನಾನು, ಮೂರು ಗಂಟೆ. ನಂಬು.

ಮೊನ್ನೆ ನೋಡಿದ್ದನ್ನ ಹೆಂಗೆ ಬರೀಲಿ. ಒಂದು ಮರಿ ಸೀದಾ ಮೇಲೆ ಬಂತು, ನೀರಿನಿಂದ ಬಾಯಿ ಹೊರಗೆ ಹಾಕಿ ಗಾಳಿ ಗುಟುಕರಿಸಿ ಕೆಳಗೆ ಹೋಯ್ತು. ಈ ಜಾತಿ ಹಂಗೇನಂತೆ, ಒಂದು ತಿಂಗಳು ತುಂಬೋ ಹೊತ್ತಿಗೆ ನಮ್ಮ ಗಾಳೀನೂ ಉಸಿರಾಡೋಕೆ ಕಲಿಯುತ್ತೆ. ಯಾರು ಹೇಳಿಕೊಟ್ರು ಅದಕ್ಕೆ? ಅದಾದ ಮೇಲೆ ಇನ್ನೊಂದು, ಇನ್ನೊಂದು. ನಮ್ಮ ಮನೆಯಲ್ಲಿ ಅಷ್ಟು ದೊಡ್ಡದು ಏನೋ ನಡೀತಿತ್ತು, ಒಂಚೂರೂ ಸದ್ದಿಲ್ಲ.

ಅಜ್ಜಿಗೆ, ಅತ್ತೆಗೆ ನಮಸ್ಕಾರ ಹೇಳು. ನಾಗೂಗೆ ಚೆನ್ನಾಗಿ ಓದ್ಕೋ ಅನ್ನು, ನನ್ನ ಥರ ಬಿಡಬೇಡ ಅನ್ನು. ನಿಮ್ಮಪ್ಪನನ್ನ ಕೇಳಿದೆ ಅಂತ ಹೇಳು, ಅಷ್ಟೇ. ನೀನು ಬಿಸಿ ಬಿಸಿ ಉಣ್ಣು, ತಲೆಗೆ ಗಾಳಿ ಸೋಕಿಸಬೇಡ.

ನಿನ್ನ
ಅಶ್ವತ್ಥ್

ಇನ್ನೊಂದು. ಇದನ್ನ ಪೋಸ್ಟಿಗೆ ಹಾಕಲ್ಲ, ನಾನೇ ತಂದು ನಾಗೂ ಕೈಗೆ ಕೊಡ್ತೀನಿ. ಅವಳು ಇಲ್ಲಿವರೆಗೆ ಓದೋ ಹೊತ್ತಿಗೆ ನಿಮ್ಮ ಗೇಟ್ ಆಚೆ ನಿಂತಿರ್ತೀನಿ. ಅವತ್ತು ನಾನು ಹಿಂದೆ ಹೋಗಿದ್ದು ಭಯಕ್ಕೆ ಕಣೇ, ಅಷ್ಟು ಚಿಕ್ಕದಿದ್ದಳು. ಹೇಳೋಕೆ ನಾಚಿಕೆಯಾಗಿ ಕೂಗಾಡಿದೆ. ನಿಮ್ಮಪ್ಪ ಬೈದ್ರೂ ಈ ಸಲ ವಾಪಸ್ ಹೋಗಲ್ಲ. ಕತ್ತಿನ ಕೆಳಗೆ ಕೈ ಹೆಂಗೆ ಇಡಬೇಕು ಅಂತ ನೀನು ಹೇಳಿಕೊಡು. ನಂಗೆ ಬರಲ್ಲ.