ಮನೆ ನಡೆಸುವ ಅರ್ಥಕ್ಕೆ ಒಂದು ವಾಕ್ಯ

ಅಕ್ಕ,

ಇಂಗ್ಲಿಷಿನ ‘ರನ್’ ಪದದ ಅರ್ಥಗಳನ್ನೆಲ್ಲ ನಾನು ಓದಿ ಹೇಳಿದಾಗ ‘ಪಾಪ’ ಎಂದು ನೀನು ಅಂದದ್ದು ಮೊದಲೋ ಕೊನೆಗೋ, ಈಗ ನೆನಪಾಗುತ್ತಿಲ್ಲ. ‘ಮೂಗು ಸೋರೋದಕ್ಕೂ ರನ್ನು, ಬಟ್ಟೆ ಬಣ್ಣ ಬಿಡೋದಕ್ಕೂ ರನ್ನು, ಚುನಾವಣೆಗೆ ನಿಲ್ಲೋದಕ್ಕೂ ರನ್ನಾ? ಮನೆಗೆ ಹಿರೀ ಮಗಳ ಹಾಗೆ ದುಡಿಸ್ತಾರಲ್ಲೋ ಅದನ್ನ!’ ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದ ಹಿರೀ ಮಗಳು ನೀನೇ. ನಾನು ಬರೀ ನಕ್ಕಿದ್ದೆ.

ಆ ಪದ ಮತ್ತೆ ಮೇಜಿನ ಮೇಲಿದೆ. ನಮ್ಮ ಇಂಗ್ಲಿಷ್-ಕನ್ನಡ ನಿಘಂಟಿನ ಹೊಸ ಮುದ್ರಣದ ಪುಟಗಳು ನಾಲ್ಕು ಗಂಟೆಗೆ ಅಚ್ಚಿಗೆ ಹೋಗಬೇಕು. ಅರ್ಥಕ್ಕೊಂದು ಕಾರ್ಡು. ಯಂತ್ರ ಓಡುತ್ತದೆ, ನಲ್ಲಿ ಸುರಿಯುತ್ತದೆ, ಬಸ್ಸು ಹತ್ತು ನಿಮಿಷ ತಡವಾಗುತ್ತದೆ, ಎಲ್ಲಕ್ಕೂ ರನ್ನೇ. ಉದಾಹರಣೆಯನ್ನು ಕೂತು ಕಟ್ಟಬಾರದು, ಯಾರೋ ಆಡಿದ ಮಾತೇ ಆಗಬೇಕು ಎಂಬುದು ನಮ್ಮ ಸಂಪಾದಕರ ಹಠ. ಹಾಗಾಗಿ ಕ್ಷೌರದಂಗಡಿಯಲ್ಲೂ ಕಿವಿ ತೆರೆದೇ ಕೂರುತ್ತೇನೆ. ಎರಡು ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಮನೆ ನಡೆಸುವ ಅರ್ಥದ ಕಾರ್ಡು ಕೈಯಲ್ಲೇ ಇದೆ.

‘ಏಳು ಜನರ ಮನೆ ನಡೆಸ್ತೀನಿ, ನಂಗೆ ಜ್ವರ ಬಂದ್ರೆ ಒಬ್ರಿಗೂ ಗೊತ್ತಾಗಲ್ಲ.’

ನಿನ್ನ ಮಾತು. ಹಿಂದಿನ ಮುದ್ರಣದಲ್ಲಿ ನಿನ್ನನ್ನು ಕೇಳದೆ ಅಚ್ಚು ಹಾಕಿಸಿದೆ, ಹೆಸರಿಲ್ಲವಲ್ಲ ಎಂದುಕೊಂಡೆ. ಭಾವ ಗುರುತು ಹಿಡಿದರು. ಊಟಕ್ಕೆ ಕೂತ ಎಲ್ಲರೆದುರು ಓದಿ, ‘ನೋಡ್ರಪ್ಪ, ನಮ್ಮನೆ ಮರ್ಯಾದೆ ಪುಸ್ತಕವಾಗಿ ಬಂದಿದೆ’ ಎಂದರಂತೆ. ನೀನು ಫೋನು ಮಾಡಿ ಹೇಳಿದ್ದು ಇಷ್ಟೇ: ‘ನಾನು ಹೇಳಿದ್ದು ನಿಂಗೆ ಕಣೋ, ಪುಸ್ತಕಕ್ಕಲ್ಲ.’ ಆಮೇಲೆ ಒಂಬತ್ತು ವರ್ಷ ಮಾತಿಲ್ಲ.

ಈಗ ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಬೇರೆಯದು ಸಿಕ್ಕಿಲ್ಲ, ಸಿಕ್ಕಿದ್ದೆಲ್ಲ ಸಪ್ಪೆ. ಸಂಪಾದಕರು ಇಣುಕಿ, ‘ಏನ್ರೀ, ಒಂದು ವಾಕ್ಯಕ್ಕೆ ಇಡೀ ದಿನವಾ?’ ಎಂದು ಹೋದರು. ಇದನ್ನು ಹೊಡೆದ ಮಾತ್ರಕ್ಕೆ ನೀನು ಮಾತಾಡುತ್ತೀಯ ಎಂಬ ಭ್ರಮೆ ನನಗಿಲ್ಲ. ಸುಮ್ಮನೆ ಕಾರ್ಡು ಮಗುಚಿದೆ. ಮಾತನ್ನು ಎಲ್ಲಿ, ಹೇಗೆ ಕೇಳಿದೆವೆಂದು ಕಾರ್ಡಿನ ಹಿಂಬದಿಗೆ ಬರೆದಿಡುವುದು ನಮ್ಮ ಪದ್ಧತಿ. ನನ್ನದೇ ದುಂಡು ಅಕ್ಷರ: ‘ಅಕ್ಕ. ಅವಳ ಅಡುಗೆಮನೆ. ಬೇಸಿಗೆ, ಮಧ್ಯಾಹ್ನ. ಗೋಡೆಗೆ ಒರಗಿ, ಶಾಲು ಹೊದ್ದು ಕೂತಿದ್ದಾಳೆ.’

ಎಷ್ಟು ಚೆನ್ನಾಗಿ ನೋಡಿದ್ದೇನೆ! ನೋಡಿ, ಬರೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದಿದ್ದೇನೆ.

ನಿನ್ನ ಮೈ ಮನಸ್ಸು ತಣ್ಣಗಿರಲಿ.

ನಿನ್ನ ತಮ್ಮ

ಸಹಿ ಹಾಕಿದ ಮೇಲೂ ಕೂರಲಾಗುತ್ತಿಲ್ಲ. ಅವತ್ತು ನಿನಗೆ ಜ್ವರ ಇತ್ತಾ, ಅಕ್ಕ?