ಕರಿಬಸಪ್ಪ ಮೇಸ್ತ್ರಿಯ ಮಣಿಕಟ್ಟು

ಹಿರೇಹಳ್ಳ ಕಸುಬುಶಾಲೆ, ಕೊಪ್ಪಳ ಸೀಮೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ನಲವತ್ತೊಂಬತ್ತು

ನನಗಿಂತ ನೂರು ವರ್ಷಕ್ಕೂ ಹಿಂದೆ ವೆಲ್ಡಿಂಗ್ ಕಲಿಸಿ ಅಂಕ ಹಾಕುವ ಹಿರಿಯರಿಗೆ ನಮಸ್ಕಾರ.

ತಾರೀಖು ನೋಡಿ ಕಾಗದ ಮಡಚಿಡಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಎಷ್ಟೋ ವರ್ಷವಾಯಿತು. ನಿಮಗೆ ಗುರುತಿಲ್ಲದ ಮಾತುಗಳು ನುಸುಳಿದರೆ ಮನ್ನಿಸಿ. ನಿಮ್ಮ ಕಾಲದ ಪತ್ರಗಳನ್ನು ಓದಿ ಓದಿ ಈ ಕನ್ನಡ ಕಲಿತಿದ್ದೇನೆ. ನನ್ನ ಹೆಸರು ನೀಲಗಂಗಾ ಮುದೇನೂರ. ನೀವು ಐಟಿಐ ಎನ್ನುವುದನ್ನು ನಾವು ಕಸುಬುಶಾಲೆ ಎನ್ನುತ್ತೇವೆ. ಅಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಬೆಸುಗೆಯ ಪರೀಕ್ಷಕಿ. ಒಮ್ಮೆ ಹಾಕಿದ ಅಂಕವನ್ನು ಎಂದೂ ತಿದ್ದಿದವಳಲ್ಲ ಎಂಬ ಜಂಬವೂ ಇತ್ತು.

ನಮ್ಮ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಇಲ್ಲ. ವಿದ್ಯಾರ್ಥಿಗಳು ಬಲಗೈಗೆ ಗುರುಗವಸು ತೊಟ್ಟು ಕೆಲಸ ಮಾಡುತ್ತಾರೆ. ಒಬ್ಬ ನುರಿತ ಮೇಸ್ತ್ರಿಯ ಕೈ ಹೇಗೆ ಆಡಿತ್ತೋ ಅದನ್ನು ನೆನಪಿಟ್ಟುಕೊಂಡಿರುವ ಕೈಗವಸು ಅದು. ಕಲಿಯುವವರ ಕೈ ಅದಕ್ಕೆ ಎಷ್ಟು ಹೊಂದುತ್ತದೋ ಅಷ್ಟು ಅಂಕ. ಬೆಸುಗೆಗೆ ನಮ್ಮ ಗುರು ನಿಮ್ಮ ಕಾಲದವರೇ, ಹರಿಹರ ಕಡೆಯ ಕರಿಬಸಪ್ಪ ಮೇಸ್ತ್ರಿ. ದಿನಾ ಬೆಳಿಗ್ಗೆ ಶೆಡ್ಡಿನಲ್ಲಿ ಅವರ ಪಟಕ್ಕೆ ಕೈಮುಗಿದು ಇಪ್ಪತ್ತು ಮಂದಿ ಕೆಲಸಕ್ಕೆ ಕೂರುತ್ತಾರೆ. ನಾಲ್ಕು ಬೆರಳಗಲ ಬೆಸೆದು, ನಿಲ್ಲಿಸಿ, ಮಣಿಕಟ್ಟನ್ನು ಎರಡು ಸಲ ಕೊಡವಿ, ಮತ್ತೆ ಮುಂದುವರಿಸುತ್ತಾರೆ. ಈ ಕೊಡವುವಿಕೆಗೆ ಗುರುಮುದ್ರೆ ಎಂದು ಹೆಸರು. ನೂರಕ್ಕೆ ಮೂವತ್ತು ಅಂಕ ಅದಕ್ಕೇ; ಅದು ತಪ್ಪಿದರೆ ಪಾಸಾಗುವ ಮಾತೇ ಇಲ್ಲ. ಇಪ್ಪತ್ತು ಕೈ ಒಟ್ಟಿಗೆ ಕೊಡವುವುದನ್ನು ನೋಡಲು ಊರಿನವರು ಬರುತ್ತಿದ್ದರು. ನಾನೂ ಮಿರ್ಚಿ ಭಜಿ ತಿನ್ನುತ್ತಾ ನೋಡಿ ಹಿಗ್ಗುತ್ತಿದ್ದೆ. ಮಿರ್ಚಿ ಭಜಿ ಇನ್ನೂ ಇದೆ, ಚಿಂತೆ ಬೇಡ.

ಈ ವರ್ಷ ಹುಲಿಗೆಮ್ಮ ಎಂಬ ಹುಡುಗಿ ಕೈ ಕೊಡವಲಿಲ್ಲ. ನಡುವೆ ನಿಲ್ಲಿಸದೆ ಪೈಪು ಬೆಸೆದು ಎದ್ದಳು. ಫೇಲಾದಳು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಫೇಲಾದರೆ, ಓಣಿ ಓಣಿಯ ನೀರಿನ ಪೈಪು ನೋಡಿಕೊಳ್ಳುವ ನೀರುಪಡೆಗೆ ಅವಳು ಜನ್ಮದಲ್ಲಿ ಸೇರುವಂತಿಲ್ಲ. ಕೈ ಕೊಡವಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಗದರಿಸಿದೆ. ಅವಳು ನನ್ನ ಮುಖವನ್ನೇ ನೋಡಿ, "ನನ್ನ ಕೈಗೆ ಯಾಕ್ರೀ ಮೇಡಂ ಮಾರ್ಕ್ಸ್ ಹಾಕ್ತೀರಿ? ಪೈಪಿನ್ಯಾಗ ನೀರು ತುಂಬಿ ನೋಡ್ರಿ" ಎಂದಳು.

ಸಿಟ್ಟು ನೆತ್ತಿಗೇರಿತು. ಅವಳ ಬಾಯಿ ಮುಚ್ಚಿಸಲೆಂದೇ ಎಲ್ಲರ ಪೈಪಿಗೂ ನೀರು ತುಂಬಿಸಿ ಒತ್ತಡ ಕೊಟ್ಟೆ. ಅವಳ ಪೈಪು ಜಪ್ಪಯ್ಯ ಎಂದರೂ ಒಂದು ಹನಿ ಹೊರಬಿಡಲಿಲ್ಲ. ತೊಂಬತ್ತು ಅಂಕ ದಾಟಿದವರ ಪೈಪುಗಳಲ್ಲಿ, ಕೈ ಕೊಡವಲು ನಿಲ್ಲಿಸಿದ ಜಾಗದಲ್ಲೇ, ಸೂಜಿಮೊನೆಯಷ್ಟು ತೂತುಗಳಿದ್ದವು. ಇಷ್ಟು ವರ್ಷ ಓಣಿಯಲ್ಲಿ ನೀರು ಸೋರಿದಾಗಲೆಲ್ಲ ನಾವು ಪೈಪು ತಯಾರಿಸಿದವರನ್ನು ಬೈದಿದ್ದೆವು.

ಉಗ್ರಾಣದಿಂದ ಗವಸಿನ ಮೂಲ ದಾಖಲೆ ತರಿಸಿದೆ. ಕೈಯ ಚಲನೆಯ ಜೊತೆ ಧ್ವನಿಯೂ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ. ಕೆಲಸದ ನಡುವೆ ಮೇಸ್ತ್ರಿ ಹೇಳುತ್ತಾರೆ: "ಹಳೇ ಏಟು ಸಾರ್, ಮಣಿಕಟ್ಟು ಹಿಡ್ಕಂಡ್ಬಿಡುತ್ತೆ, ಅದಕ್ಕೇ ಕೊಡವ್ತೀನಿ. ಹುಡುಗ್ರಿಗೆ ಇದನ್ನ ಕಲಿಸ್ಬ್ಯಾಡ್ರಿ." ಹಿಂದೆಯೇ ಬ್ರಷ್ಷಿನಿಂದ ಉಜ್ಜುವ ಸದ್ದು. ನಿಲ್ಲಿಸಿದ ಜಾಗವನ್ನು ಅವರು ಪ್ರತಿ ಸಲ ಎಡಗೈಯಿಂದ ಶುಚಿ ಮಾಡಿಯೇ ಮುಂದುವರಿಯುತ್ತಿದ್ದರು. ಎಡಗೈಗೆ ಗವಸು ಇರಲಿಲ್ಲ; ಹಾಗಾಗಿ ಕೊಡವುವುದು ಮಾತ್ರ ನಮಗೆ ಬಂತು, ಉಜ್ಜುವುದು ಬರಲಿಲ್ಲ.

ನಾಚಿಕೆಯಿಂದ ಕುಗ್ಗಿಹೋದೆ. ಮಾರನೇ ದಿನ ಎಲ್ಲರೆದುರು ಹುಲಿಗೆಮ್ಮನ ಅಂಕ ತಿದ್ದಿದೆ. ಈಗ ನಾವು ಗವಸು ತೆಗೆದಿಟ್ಟು, ಪೈಪಿಗೆ ನೀರು ತುಂಬಿಯೇ ಅಂಕ ಹಾಕುತ್ತೇವೆ. ಅವಳು ಸೋಮವಾರ ನೀರುಪಡೆಗೆ ಸೇರುತ್ತಾಳೆ.

ನಿಮ್ಮಲ್ಲಿ ಒಂದು ಕೋರಿಕೆ. ಇನ್ನು ಕೆಲವು ವರ್ಷಗಳಲ್ಲಿ ನಿಮ್ಮಲ್ಲೊಬ್ಬರು ಈ ಗವಸಿಗಾಗಿ ಕರಿಬಸಪ್ಪ ಮೇಸ್ತ್ರಿಯ ಕೈಗೆ ಚಲನೆ ದಾಖಲಿಸುವ ಯಂತ್ರ ಕಟ್ಟಲಿದ್ದೀರಿ. ಕಟ್ಟಿ, ಬೇಡವೆನ್ನುವುದಿಲ್ಲ. ಅವರು ಆ ಮಾತು ಹೇಳಿದಾಗ ಮಾತ್ರ ತಲೆ ಎತ್ತಿ ಕೇಳಿ, ಬರೆದಿಡಿ. ನೀವು ಕೇಳುತ್ತೀರೆಂಬ ನಂಬಿಕೆ ನನಗೆ ಗಟ್ಟಿಯಾಗಿದೆ. ಕೈ ಕೊಡವಲಿಲ್ಲವೆಂದು ನಾನು ಮನೆಗೆ ಕಳಿಸಿದವರು ಮೂವತ್ತೇಳು ಮಂದಿ. ನಾಳೆ ಬೆಳಿಗ್ಗೆ ಮೊದಲನೆಯವರ ಮನೆಗೆ ಹೊರಟಿದ್ದೇನೆ. ನಲವತ್ತು ದಾಟಿದ ಮನುಷ್ಯ. ಬೆಸುಗೆ ಬಿಟ್ಟು ಎಷ್ಟೋ ಕಾಲವಾಯಿತಂತೆ. ಬಾಗಿಲಲ್ಲಿ ನಿಂತು ಏನು ಹೇಳಬೇಕೆಂದು ಇನ್ನೂ ತೋಚಿಲ್ಲ. ನೀವು ಆ ಒಂದು ಸಾಲು ಬರೆದಿಟ್ಟರೆ, ನಾನು ಆ ಬಾಗಿಲಿಗೆ ಹೋಗಬೇಕಾಗಿಯೇ ಬರುವುದಿಲ್ಲ.

ಇಂತು,
ನೀಲಗಂಗಾ