ಮೂವರೂ ತಡವಾಗುವ ಜಾಗ

ಮಾರ್ಚ್ ೧೧, ಮಂಗಳವಾರ

ಇವತ್ತೂ ಅದೇ ಜಾಗದಲ್ಲಿ ಎಡವಿದೆವು. ವರ್ಷಗಟ್ಟಲೆ ಸುಮ್ಮನಿದ್ದ ನಮ್ಮ ಪ್ರೊಗ್ರೆಸಿವ್ ರಾಕ್ ತಂಡದ ಹೊಸ ಆಲ್ಬಂನ ರೆಕಾರ್ಡಿಂಗ್. ಡ್ರಮ್ಸ್ ಈಗಲೂ ನನ್ನದೇ. ಬೇಸ್ ಗಿಟಾರ್ ನುಡಿಸುತ್ತಿದ್ದ ದಪ್ಪಣ್ಣನ ಬೆರಳು ಈಗ ಮಡಚುವುದಿಲ್ಲ, ಹಾಗಾಗಿ ಅದು ಅವನ ಮಗಳದು. ಉದ್ದದ ಹಾಡಿನ ನಡುವೆ ಎಲ್ಲರೂ ನಿಂತು, ಒಟ್ಟಿಗೆ ಮತ್ತೆ ಶುರು ಮಾಡಬೇಕು. ಹುಡುಗಿ ಸರಿಯಾಗಿ ಬಂದಳು. ಹಳಬರು ಮೂವರೂ ತಡ.

"ನಾನೇನಾದ್ರೂ ತಪ್ಪು ಮಾಡಿದ್ನಾ ಅಂಕಲ್?" ಎಂದಳು, ಪಾಪ.

ಸ್ಟುಡಿಯೋದ ಗಾಜಿನಾಚೆ ಕೂತಿದ್ದ ದಪ್ಪಣ್ಣ ಮೈಕ್ ಎಳೆದುಕೊಂಡ. "ನಿನ್ನ ತಪ್ಪಲ್ಲ ಪುಟ್ಟಿ. ಅಲ್ಲಿ ನಾನು ಯಾವಾಗ್ಲೂ ಒಂಚೂರು ತಡವಾಗಿ ಬರ್ತಿದ್ದೆ. ಲೋ, ನಾನಿಲ್ಲೇ ಕೂತಿದ್ದೀನಲ್ರೋ, ಅಲ್ಲಿ ಯಾರನ್ನ ಕಾಯ್ತಿದ್ದೀರಾ?"

ನಕ್ಕೆವು. ಮತ್ತೆ ನುಡಿಸಿದೆವು, ಮತ್ತೆ ತಡ. ಈ ಹಾಳು ಕೈ ಮಾತು ಕೇಳಿದರೆ ತಾನೆ!

ಮೂರನೇ ಸಲ ನಮ್ಮ ಜೊತೆ ಅವಳೂ ಒಂಚೂರು ಕಾದಳು; ನಾಲ್ವರೂ ಒಟ್ಟಿಗೆ ಬಂದೆವು. ಆಲ್ಬಂಗೆ ಅದನ್ನೇ ಇಟ್ಟುಕೊಂಡೆವು.